ಹಂಕಿಯ ಮೇಲೆ ಹಾರ್ಮೋನಿಯಂ

ಗಂಟೆ ಬಾರಿಸಿ ಬಹಳ ಹೊತ್ತಾಗಿತ್ತು. ತರಗತಿಯ ಒಲೆ ಚಟಪಟ ಉರಿಯುತ್ತಿತ್ತು. ಸೈಮಿ ಕರಿಹಲಗೆಯ ಮೇಲೆ ತಾರೀಖು ಬರೆದು, ಸೀಮೆಸುಣ್ಣವನ್ನು ಕೈಯಲ್ಲೇ ಹಿಡಿದುಕೊಂಡು ಕಿಟಕಿಯಾಚೆ ನೋಡುತ್ತ ನಿಂತಿದ್ದಳು. ಹಾಪಕೊಸ್ಕಿಯ ಶಾಲೆಗೆ ಇದ್ದದ್ದು ಒಂದೇ ದಾರಿ. ಹಿಮ ಸರಿಸಿ ಮಾಡಿದ, ಎರಡೂ ಬದಿಗೆ ಎದೆಯೆತ್ತರದ ಬಿಳಿ ಗೋಡೆ ಎದ್ದಿದ್ದ ಓಣಿ ಅದು. ಆ ಓಣಿಯಲ್ಲಿ ಒಂದು ನರಪಿಳ್ಳೆಯ ಸುಳಿವೂ ಇರಲಿಲ್ಲ.

ಮಕ್ಕಳಿಗೆಲ್ಲ ದಡಾರ ಬಂದಿರಬಹುದೆ? ಯಾರ ಮನೆಯಲ್ಲಾದರೂ ಸಾವಾಗಿರಬಹುದೆ? ಇಲ್ಲವೆ ಊರಿಗೆ ಊರೇ ತನ್ನ ಮೇಲೆ ಮುನಿಸಿಕೊಂಡಿತೆ? ಕೊನೆಯದೇ ನಿಜವಿರಬೇಕು ಅಂದುಕೊಂಡಳು.

ಅವಳು ಈ ಉತ್ತರದ ತುದಿಗೆ ಬಂದದ್ದು ಜನವರಿಯಲ್ಲಿ. ಹಿಂದಿನ ಟೀಚರು ಮದುವೆಯಾಗಿ ಹೊರಟುಹೋದದ್ದರಿಂದ ವರ್ಷದ ನಡುವೆ ಖಾಲಿಬಿದ್ದ ಕೆಲಸ. ಸೈಮಿಯ ಹುಟ್ಟೂರು ರೌಮಾ, ದಕ್ಷಿಣದ ಕಡಲತಡಿ. ಅಲ್ಲಿ ಚಳಿಗಾಲವೆಂದರೆ ಒದ್ದೆ ಗಾಳಿ, ಬೂದಿ ಬಣ್ಣದ ಆಕಾಶ, ಬೆಳಿಗ್ಗೆ ಬಿದ್ದ ಹಿಮ ಸಂಜೆಗೆ ಕೆಸರು. ಮಾರ್ಚ್ ಬಂತೆಂದರೆ ಮನೆಮನೆಯಲ್ಲೂ ನೆಗಡಿ. ಇಲ್ಲಿಗೆ ಬಂದಿಳಿದ ದಿನ ಅವಳನ್ನು ನಡುಹಗಲಿನಲ್ಲೇ ಲಾಟೀನು ಹಿಡಿದು ಶಾಲೆಗೆ ಕರೆತಂದಿದ್ದರು. ಫೆಬ್ರವರಿಯಲ್ಲೊಮ್ಮೆ, ಅಂಗಡಿಗೆ ಇದೇ ಹತ್ತಿರದ ದಾರಿ ಎಂದು ಓಣಿ ಬಿಟ್ಟು ಹೊರಗೆ ಕಾಲಿಟ್ಟವಳು ಸೊಂಟದವರೆಗೆ ಹೂತುಹೋದಳು. ಶಾಲೆಯಲ್ಲಿ ಗಂಜಿ ಬೇಯಿಸುವ ಹಿಲ್ಯಾ ಓಡಿಬಂದು ಕಂಕುಳಿಗೆ ಕೈಹಾಕಿ ಮೂಲಂಗಿ ಕೀಳುವಂತೆ ಕಿತ್ತು ತೆಗೆದಿದ್ದಳು. ಅಂದಿನಿಂದ ಸೈಮಿ ಓಣಿ ಬಿಟ್ಟು ಅತ್ತಿತ್ತ ಸರಿದವಳಲ್ಲ. ಶಾಲೆ, ಅಂಗಡಿ, ಬಾವಿ, ಮತ್ತೆ ಶಾಲೆ. ಇಲಿಯಂತೆ ಬಿಲದಲ್ಲಿ ಓಡಾಡಿಕೊಂಡಿದ್ದಳು.

ಹಿಂದುಗಡೆಯಿಂದ ಕೇಕೆ ಕೇಳಿಸಿತು. ಸೈಮಿ ಆ ಬದಿಯ ಕಿಟಕಿಗೆ ಓಡಿದಳು. ಕಣ್ಣು ಕೋರೈಸಿತು. ಬೆಳಕು ಮೇಲಿನಿಂದ ಬರುತ್ತಿತ್ತೋ ಕೆಳಗಿನಿಂದ ಉಕ್ಕುತ್ತಿತ್ತೋ ತಿಳಿಯಲಿಲ್ಲ. ಆ ಬೆಳಕಿನೊಳಗಿಂದ ಮಕ್ಕಳು ಬರುತ್ತಿದ್ದರು, ಬರಬಾರದ ದಿಕ್ಕುಗಳಿಂದೆಲ್ಲ ಬರುತ್ತಿದ್ದರು. ಕೆಲವರು ಕೆರೆಯ ನಡುವಿನಿಂದ. ಕೆಲವರು ಹೊಲದ ಬೇಲಿಯ ಮೇಲಿನಿಂದಲೇ, ಬೇಲಿ ಇದೆಯೆಂಬುದೇ ಗೊತ್ತಿಲ್ಲದವರಂತೆ. ಇನ್ನು ಕೆಲವರು ಆಲೂಗಡ್ಡೆ ನೆಲಮಾಳಿಗೆಯ ಮಾಡಿನಿಂದ ಕುಂಡೆಯ ಮೇಲೆ ಜಾರಿಕೊಂಡು. ಯಾರೂ ಹೂತುಹೋಗುತ್ತಿರಲಿಲ್ಲ. ನಿನ್ನೆಯವರೆಗೆ ನುಂಗಲು ಬಾಯ್ದೆರೆದಿದ್ದ ಹಿಮದ ಮೇಲೆ ಅವರು ಜಗಲಿಯ ಮೇಲೆ ಓಡುವಂತೆ ಓಡಿಬರುತ್ತಿದ್ದರು.

"ಹಂಕಿ ಕೂತಿದೆ ಕಣಮ್ಮಾ, ಹಂಕಿ!" ಅಡುಗೆಕೋಣೆಯಿಂದ ಹಿಲ್ಯಾ ಸೌಟು ಹಿಡಿದೇ ಹೊರಗೆ ಬಂದಳು. ಐವತ್ತು ದಾಟಿದ ವಿಧವೆ, ಅಗಲ ಭುಜದ, ದೊಡ್ಡ ಬಾಯಿಯ ಹೆಂಗಸು. "ಹಿಮದ ಮೇಲ್ಪದರ ವಾರದಿಂದ ಹಗಲೆಲ್ಲ ಕರಗಿ ರಾತ್ರಿಯೆಲ್ಲ ಕೊರೆದು ಗಟ್ಟಿಯಾಗೋಗಿದೆ. ಇವತ್ತು ಇಡೀ ದೇಶಾನೇ ದಾರಿ. ಈ ಮಕ್ಕಳು ಸೀದಾ ಬರ್ತಾವಾ? ಸುತ್ತಾಡ್ಕೊಂಡು, ಇಡೀ ಪ್ರಪಂಚ ನೋಡ್ಕೊಂಡು ಬರ್ತಾವೆ."

"ಹೂತ್ಕೊಳ್ಳಲ್ವಾ?"

"ನನ್ನ ತೂಕ ನೋಡಿದೀರಲ್ಲ?" ಎಂದು ಹಿಲ್ಯಾ ಮೆಟ್ಟಿಲಿಳಿದು ಹಿಮದ ಮೇಲೆ ಹಾರಿ, ಎರಡೂ ಕಾಲಲ್ಲಿ ಧಿಮ್ಮನೆ ಕುಣಿದು ತೋರಿಸಿದಳು. "ನನ್ನನ್ನ ಹೊತ್ಮೇಲೆ ನಿಮ್ಮಂಥ ಕಡ್ಡೀನ ಬಿಡುತ್ತಾ? ಬನ್ನಿ."

ಸೈಮಿ ಮೊದಲು ಒಂದು ಬೆರಳಿನಷ್ಟು ಪಾದ ಇಟ್ಟಳು. ಆಮೇಲೆ ಇಡೀ ಪಾದ. ಆಮೇಲೆ ಕಣ್ಣು ಮುಚ್ಚಿಕೊಂಡು ಮೈಭಾರವನ್ನೆಲ್ಲ ಬಿಟ್ಟಳು. ಹಿಮ ಕರಕರ ಎಂದಿತು, ಅಷ್ಟೆ. ಇನ್ನೊಂದು ಹೆಜ್ಜೆ, ಮತ್ತೊಂದು. ಓಣಿಯ ಗೋಡೆಯ ಮೇಲೆ ನಿಂತು ಸುತ್ತ ನೋಡಿದಳು. ಮೂರು ತಿಂಗಳಿಂದ ತಾನಿದ್ದ ಊರನ್ನು ಇದೇ ಮೊದಲು ಕಂಡಂತಿತ್ತು. ಕೆರೆ ಇಷ್ಟು ದೊಡ್ಡದೆ? ಆಚೆಗೆ ಹಾಗೆ ನೀಲಿ ಗುಡ್ಡಗಳಿದ್ದವೆ? ಅವಳಿಗೆ ಗೊತ್ತಿಲ್ಲದಂತೆ ಕಾಲು ಓಡತೊಡಗಿತು. ಟೀಚರು ಓಡುವುದನ್ನು ಕಂಡು ಮಕ್ಕಳೂ ಹೋ ಎಂದು ಬೆನ್ನಟ್ಟಿದರು. ಅಂದು ಗುಣಾಕಾರ ಭಾಗಾಕಾರ ಯಾವುದೂ ನಡೆಯಲಿಲ್ಲ.

ಮಧ್ಯಾಹ್ನ ಗಂಜಿ ಕುಡಿಯುವಾಗ ಮಕ್ಕಳೊಳಗೆ ಪಿಸುಪಿಸು ನಗು ಎದ್ದಿತು. "ಹಂಗಾದ್ರೆ ಎವೆರ್ಟಿ ಅಜ್ಜನ ಹಾರ್ಮೋನಿಯಂ ಬರುತ್ತೆ!" ಎಂದು ಯಾರೋ ಅಂದದ್ದೇ ತಡ ಎಲ್ಲರೂ ಬಿದ್ದುಬಿದ್ದು ನಕ್ಕರು.

"ಅದೇನದು?" ಎಂದು ಸೈಮಿ ಹಿಲ್ಯಾಳನ್ನು ಕೇಳಿದಳು. ಸಂಗೀತದ ತರಗತಿಗೆ ಅವಳಲ್ಲಿದ್ದದ್ದು ಒಂದು ಶ್ರುತಿಕಡ್ಡಿ ಮಾತ್ರ. ಮಕ್ಕಳು ಹಾಡಿದರೆ ಕಾಡುಪ್ರಾಣಿಗಳು ಊರು ಬಿಡುವಂತಿತ್ತು.

ಹಿಲ್ಯಾ ಸೆರಗಿನಂಥ ತನ್ನ ಮೇಲಂಗಿಯ ತುದಿಯಲ್ಲಿ ಕೈ ಒರೆಸಿಕೊಂಡು ಕತೆ ಹೇಳಿದಳು. ಯುದ್ಧದ ಕೊನೆಗೆ ಊರು ಬಿಟ್ಟು ಹೋಗಬೇಕೆಂದು ಅಪ್ಪಣೆ ಬಂದಾಗ ಜನ ದನಕರು ಹೊಡೆದುಕೊಂಡು, ಹೊಲಿಗೆಯಂತ್ರಗಳನ್ನು ಮಣ್ಣಲ್ಲಿ ಹೂತು ಹೊರಟರು. ಹಿಮ್ಮೆಟ್ಟುತ್ತಿದ್ದ ಸೈನ್ಯ ಊರಿಗೆ ಬೆಂಕಿಯಿಟ್ಟಿತು. ಹಳೆಯ ಶಾಲೆಯೂ ಸುಟ್ಟುಹೋಯಿತು. ಆದರೆ ಕಾಲಲ್ಲಿ ತಿದಿ ತುಳಿದು ನುಡಿಸುವ, ಮೇಜಿನಷ್ಟು ದೊಡ್ಡದಾದ ಶಾಲೆಯ ಹಾರ್ಮೋನಿಯಂ ಸುಡಲಿಲ್ಲವೆಂದು ಎವೆರ್ಟಿಯ ವಾದ. ಅದನ್ನು ತಾನೇ ಹಿಂದಿನ ದಿನ ದೋಣಿಗೆ ಹಾಕಿಕೊಂಡು, ನೆರೆ ಬಂದಿದ್ದ ತೊರೆಯಲ್ಲಿ ಸಾಗಿಸಿ, ದೊಡ್ಡ ಜೌಗಿನಾಚೆ ತನ್ನ ಹುಲ್ಲುಗಾವಲಿನ ಕೊಟ್ಟಿಗೆಯಲ್ಲಿ ಬಚ್ಚಿಟ್ಟಿದ್ದೇನೆ ಅನ್ನುತ್ತಾನೆ.

"ಹಾಗಾದ್ರೆ ತರಬಹುದಿತ್ತಲ್ಲ?"

"ಹೆಂಗ್ ತರೋದು? ಮರದ ದಿಮ್ಮಿ ತೇಲಿಸೋರು ಮೇಲುಗಡೆ ಅಣೆ ಕಟ್ಟಿದ ಮೇಲೆ ತೊರೇಲಿ ಬಾತುಕೋಳೀಗೂ ನೀರಿಲ್ಲ. ಬೇಸಿಗೇಲಿ ಜೌಗು ಆಳುದ್ದ ನುಂಗುತ್ತೆ. ನಡುಚಳೀಲಿ ಹಿಮ ನುಂಗುತ್ತೆ. ಹಂಕಿ ಕೂತಾಗ್ಲೇ ಆಗ್ಬೇಕು. ಒಂದ್ ವರ್ಷ ಹಂಕೀನೇ ಕೂರಲಿಲ್ಲ. ಒಂದ್ ವರ್ಷ ಅವನು ಕಾಡಿನ ಕೆಲಸಕ್ಕೋಗಿದ್ದ. ಇನ್ನೊಂದ್ ವರ್ಷ ಜ್ವರ. ಈಗ ಊರಲ್ಲಿ ಯಾರಾದ್ರೂ ಸುಳ್ಳು ಬಿಟ್ರೆ 'ಅದು ಎವೆರ್ಟಿ ಹಾರ್ಮೋನಿಯಂ' ಅಂತಾರೆ. ಪಾಪ, ಕೇಳಿದ್ರೆ ಮುದುಕ ಮುಖ ತಿರುಗಿಸ್ಕೊಂಡು ಹೋಗ್ತಾನೆ."

ಸಂಜೆ ಸೈಮಿ ಎವೆರ್ಟಿಯ ಮನೆಗೆ ಹೋದಳು, ಓಣಿಯಲ್ಲಲ್ಲ, ಹೊಲದ ಅಡ್ಡಕ್ಕೆ. ಎವೆರ್ಟಿ ದಕ್ಷಿಣದ ಗೋಡೆಗೆ ಬೆನ್ನು ಕೊಟ್ಟು, ಸಾರಂಗದ ಚರ್ಮದ ಮೇಲೆ ಕೂತು ಬಿಸಿಲು ಕಾಯುತ್ತ ಜೀನು ಹೊಲಿಯುತ್ತಿದ್ದ. ಒಣಗಿದ ಪೈನ್ ಮರದಂಥ ಮೈ, ಮೂಗಿನ ತುದಿಯಲ್ಲೊಂದು ಹನಿ.

"ಎವೆರ್ಟಿಯವರೇ, ಆ ಹಾರ್ಮೋನಿಯಂ ತರೋಣ ಬನ್ನಿ."

ಅವನು ತಲೆಯೆತ್ತಲಿಲ್ಲ. "ಟೀಚರಮ್ಮನೂ ನಗೋಕ್ ಬಂದ್ರಾ?"

"ಇಲ್ಲ. ನನಗೆ ಹಾರ್ಮೋನಿಯಂ ಬೇಕು. ನುಡಿಸೋಕೆ ಬರುತ್ತೆ."

ಸೂಜಿ ನಿಂತಿತು. ಮುದುಕ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಆಕಾಶ ನೋಡಿದ. ಬೆರಳು ಒದ್ದೆ ಮಾಡಿಕೊಂಡು ಗಾಳಿಗೆ ಹಿಡಿದ.

"ಭಾನುವಾರ," ಎಂದ. "ಹೊತ್ತು ಹುಟ್ಟೋ ಮುಂಚೆ. ಹೊತ್ತು ನೆತ್ತಿಗೆ ಬರೋದ್ರೊಳಗೆ ವಾಪಸ್ ಬಂದಿರ್ಬೇಕು. ಹಂಕಿ ಬೆಳಿಗ್ಗೆ ಅಪ್ಪನ ಹಂಗೆ, ಮಧ್ಯಾಹ್ನ ಮೋಸಗಾರ."

ಸುದ್ದಿ ಅಂಗಡಿಯ ಉರ್ಹೊವಿನ ಕಿವಿಗೆ ಬಿದ್ದಮೇಲೆ ಕೇಳಬೇಕೆ? ಕೆಂಪು ಮುಖದ, ದುಂಡು ಹೊಟ್ಟೆಯ ಆಸಾಮಿ. ಊರನ್ನು ನಗಿಸುವುದೇ ತನ್ನ ನಿಜವಾದ ವ್ಯಾಪಾರವೆಂದು ನಂಬಿದವನು. "ನಾನೂ ಬರ್ತೀನಪ್ಪ," ಎಂದ ಎಲ್ಲರೆದುರು. "ಖಾಲಿ ಕೊಟ್ಟಿಗೆ ಮುಂದೆ ಈ ಮುದುಕನ ಮುಖ ಹೆಂಗಿರುತ್ತೆ ಅಂತ ನೋಡ್ಬೇಕು. ಹಾರ್ಮೋನಿಯಂ ಏನಾದ್ರೂ ಸಿಕ್ತೋ, ನನ್ನ ಬೆನ್ನ ಮೇಲೆ ಹೊತ್ತು ತಂದು ಬಂಡಿಗೆ ಹಾಕ್ತೀನಿ!"

ಭಾನುವಾರ ಅವರು ನಾಲ್ವರು ಹೊರಟಾಗ ಆಕಾಶದ ಅಂಚು ಸಾಲ್ಮನ್ ಮೀನಿನ ಒಳಮಾಂಸದ ಬಣ್ಣಕ್ಕಿತ್ತು. ಮುಂದೆ ಎವೆರ್ಟಿ, ಅವನ ಕೈಯ ಹಗ್ಗದಲ್ಲಿ ರುಸ್ಕೊ ಎಂಬ ಕಂದು ಹಿಮಸಾರಂಗ, ಅದರ ಹಿಂದೆ ಗಾಲಿಯಿಲ್ಲದೆ ಜಾರುವ, ಅಗಲ ಅಡಿಯ ಹುಲ್ಲುಬಂಡಿ. ಹಿಲ್ಯಾ, ಸೈಮಿ, ಉರ್ಹೊ ಮೂವರದೂ ಒದೆಗಾಡಿ. ಕಬ್ಬಿಣದ ಎರಡು ಉದ್ದ ಪಟ್ಟಿಗಳ ಮೇಲೆ ಕುರ್ಚಿ ಕೂರಿಸಿದ ಗಾಡಿ ಅದು. ಹಿಂದೆ ನಿಂತು ಒಂದು ಕಾಲಲ್ಲಿ ಒದ್ದರೆ ಜಾರುತ್ತದೆ. ಹಿಲ್ಯಾಳ ಕುರ್ಚಿಯ ಮೇಲೆ ಕಾಫಿಯ ಕೆಟಲು, ಬಾರ್ಲಿ ರೊಟ್ಟಿ, ಸುಟ್ಟ ಗಿಣ್ಣದ ಗಟ್ಟಿ, ಒಣಮಾಂಸ. ಸ್ಕೀ ಯಾರೂ ತಂದಿರಲಿಲ್ಲ. "ಹಂಕಿ ಇರೋವಾಗ ಸ್ಕೀ ಯಾಕೆ?" ಎಂದು ಎವೆರ್ಟಿ ಗದರಿದ್ದ.

ಜೌಗಿನ ಬಯಲಿಗೆ ಬಂದಾಗ ಸೂರ್ಯ ಎದ್ದ. ಒಮ್ಮೆಲೆ ಇಡೀ ಬಯಲು ಹೊತ್ತಿಕೊಂಡಂತೆ ಮಿನುಗಿತು. ಸೈಮಿ ಒದೆಗಾಡಿಯನ್ನು ಒಮ್ಮೆ ಒದ್ದಳು. ಅದು ನಿಲ್ಲಲೇ ಇಲ್ಲ. ಇನ್ನೊಮ್ಮೆ ಒದ್ದಳು. ಗಾಳಿ ಕಿವಿಯಲ್ಲಿ ಶಿಳ್ಳೆ ಹಾಕಿತು. ದಾರಿಯಿಲ್ಲ, ತಿರುವಿಲ್ಲ, ಎದುರಿಗೆ ಬರುವವರಿಲ್ಲ. ಎಲ್ಲಿಗೆ ಮುಖ ಮಾಡಿದರೆ ಅಲ್ಲೇ ದಾರಿ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಲ್ಲಿ ನಗು ತುಂಬಿತ್ತು. ಕುಳ್ಳ ಪೈನ್ ಮರಗಳ ನಡುವಿನಿಂದ ಬಿಳಿ ಹಕ್ಕಿಗಳ ಹಿಂಡೊಂದು ಕಕಕಕ ಎಂದು ಅಣಕಿಸುತ್ತ ಎದ್ದುಹೋಯಿತು.

"ಟೀಚರಮ್ಮಾ, ರಷ್ಯಾಕ್ಕೆ ಹೋಗ್ಬಿಟ್ಟೀರಿ! ಎಡಕ್ಕೆ, ಎಡಕ್ಕೆ!" ಹಿಂದಿನಿಂದ ಹಿಲ್ಯಾ ಕೂಗುತ್ತಿದ್ದಳು.

ಕೊಟ್ಟಿಗೆಯ ಮಾಡು ಮಾತ್ರ ಹಿಮದ ಮೇಲೆ ಕಾಣುತ್ತಿತ್ತು. ಗುದ್ದಲಿ ಹಿಡಿದು ಸರದಿಯಂತೆ ಅಗೆದರು. ಬಾಗಿಲು ಕಂಡಾಗ ಉರ್ಹೊ ಗಂಟಲು ಸರಿಮಾಡಿಕೊಂಡು, "ಎವೆರ್ಟಿ, ಈಗಲೂ ಹೇಳ್ಬಿಡು. ನಾವೇನ್ ಬೈಯಲ್ಲ" ಎಂದ. ಎವೆರ್ಟಿ ಗುದ್ದಲಿಯನ್ನು ಹಿಮಕ್ಕೆ ಚುಚ್ಚಿ ನಿಲ್ಲಿಸಿ ಮುಂದೆ ಬಂದ. ಬಾಗಿಲು ಒಳಕ್ಕೆ ತಳ್ಳಿದಾಗ ಹಳೆಯ ಹುಲ್ಲಿನ ಬೇಸಿಗೆಯ ವಾಸನೆ ಬಂತು. ಮುದುಕ ಒಳಗೆ ಹೋಗಿ ಎರಡೂ ಕೈಯಿಂದ ಹುಲ್ಲು ಬಾಚಿದ. ಹುಲ್ಲಿನಡಿ ಟಾರ್ಪಾಲು. ಟಾರ್ಪಾಲಿನಡಿ ಕಂಬಳಿ. ಕಂಬಳಿಯಡಿ ಕಂದು ಮರದ ಮುಚ್ಚಳ, ಅದರ ಮೇಲೆ ಹಳೆಯ ಶಾಲೆಯ ಮಕ್ಕಳು ಚಾಕುವಿನಲ್ಲಿ ಕೊರೆದ ಹೆಸರುಗಳು.

ಹಿಲ್ಯಾ ಬಗ್ಗಿ ಬೆರಳಾಡಿಸಿದಳು. "ಇಲ್ನೋಡಿ, ನನ್ನ ಹೆಸ್ರು! ಇದನ್ನ ಕೊರೆದಿದ್ದಕ್ಕೆ ಕೈಮೇಲೆ ಏಟು ತಿಂದಿದ್ದೆ." ಆಮೇಲೆ ಉರ್ಹೊವಿನ ಕಡೆ ತಿರುಗಿ, "ಏನಪ್ಪಾ ಸಾಹುಕಾರ, ಬೆನ್ನು ಎಲ್ಲಿ?"

ಉರ್ಹೊ ಟೋಪಿ ತೆಗೆದ. "ಎವೆರ್ಟಿ," ಎಂದ, ಈ ಸಲ ನಗದೆ, "ಇಷ್ಟು ವರ್ಷ ಬಾಯಿಗೆ ಬಂದಂಗೆ ಆಡಿದೀನಿ. ತಪ್ಪಾಯ್ತು." ಹೇಳಿ ಬಗ್ಗಿ ನಿಂತು ಬೆನ್ನು ಕೊಟ್ಟ. ಮಿಕ್ಕ ಮೂವರೂ ಬದಿಗಳಿಂದ ಎತ್ತಿ ಹಿಡಿದರು. ಉರ್ಹೊ ಆಮೆಯಂತೆ ತೆವಳಿ, ದೇವರ ಹೆಸರನ್ನೂ ದೆವ್ವದ ಹೆಸರನ್ನೂ ಒಂದೇ ಉಸಿರಲ್ಲಿ ಕರೆಯುತ್ತ, ಹಾರ್ಮೋನಿಯಂ ಅನ್ನು ಬಂಡಿಯವರೆಗೆ ಹೊತ್ತ.

ಅಲ್ಲಿಗೆ ಹಗ್ಗ ಬಿಗಿದು ಹೊರಟಿದ್ದರೆ ಸರಿಹೋಗುತ್ತಿತ್ತು. ಆದರೆ ಸೈಮಿಗೆ ತಡೆಯಲಾಗಲಿಲ್ಲ. ಬಂಡಿಯ ಮೇಲೆಯೇ ಮುಚ್ಚಳ ತೆರೆದು, ಹಿಂಬದಿಯಿಂದ ಇಲಿಗೂಡೊಂದನ್ನು ಹಿಡಿಹಿಡಿಯಾಗಿ ತೆಗೆದು ಹಾಕಿ, ಒದೆಗಾಡಿಯ ಕುರ್ಚಿ ಎಳೆದುಕೊಂಡು ಕೂತಳು. ತಿದಿಯನ್ನು ಕಾಲಿಂದ ತುಳಿದಳು. ಮೊದಲು ಧೂಳು ಬಂತು. ಆಮೇಲೆ ನಿಟ್ಟುಸಿರು. ಆಮೇಲೆ, ಗಂಟಲು ಕಟ್ಟಿದವರು ಮಾತು ಕಲಿಯುವಂತೆ, ಸ್ವರ. ಬೆರಳಿನಿಂದ ಒತ್ತುವ ಮನೆಗಳಲ್ಲಿ ಎರಡು ಮೂಕವಾಗಿದ್ದವು. ಒಂದು ಕರಿಮನೆಯಂತೂ ಒಮ್ಮೆ ಒತ್ತಿದರೆ ಬಿಟ್ಟಮೇಲೂ ಹಸಿದ ಕರುವಿನಂತೆ ಅಂಬಾ ಅನ್ನುತ್ತಲೇ ಇರುತ್ತಿತ್ತು. ಅವನ್ನು ತಪ್ಪಿಸಿಕೊಂಡು ಸೈಮಿ ಒಂದು ಪೋಲ್ಕಾ ಕುಣಿತದ ಗತ್ತು ಹಿಡಿದಳು.

ಎವೆರ್ಟಿ ಕೊಟ್ಟಿಗೆಯ ಹಿಂದಕ್ಕೆ ಹೋದ.

"ಅಳ್ತಿದೀಯೇನೋ ಮುದುಕಾ?" ಹಿಲ್ಯಾ ಕೂಗಿದಳು.

"ಬಿಸಿಲು ಕಣ್ಣಿಗೆ ಹೊಡೀತಿದೆ."

"ಕೊಟ್ಟಿಗೆ ಹಿಂದೆ ನೆರಳಲ್ವೇನೋ?"

ಎವೆರ್ಟಿ ಮೂಗೊರೆಸಿಕೊಂಡು ಬಂದು, "ಇನ್ನೊಂದ್ಸಲ ಬಾರ್ಸಿ" ಎಂದ. ಬಾರಿಸಿದಳು. ಹಿಲ್ಯಾ ಬೆಂಕಿ ಹಾಕಿ ಕಾಫಿ ಕುದಿಸಿದಳು. ಹುರಿದ ಬಾರ್ಲಿಯ ಕಲಬೆರಕೆಯಲ್ಲ, ಹಬ್ಬಕ್ಕೆಂದು ಪಡಿತರದಲ್ಲಿ ಉಳಿಸಿಟ್ಟುಕೊಂಡಿದ್ದ ಅಪ್ಪಟ ಕಾಫಿ. ಮರದ ಬಟ್ಟಲಿಗೆ ಗಿಣ್ಣದ ತುಂಡು ಹಾಕಿ, ಅದು ಮೆತ್ತಗಾಗುವವರೆಗೆ ಕಾಫಿ ಹೀರಿ, ಕೊನೆಗೆ ಗಿಣ್ಣವನ್ನು ಬೆರಳಿನಿಂದ ತೆಗೆದು ತಿಂದರು. ಎವೆರ್ಟಿ ಮತ್ತೆ, "ಇನ್ನೊಂದ್ಸಲ" ಎಂದ. ಆಮೇಲೆ, "ಆ ಎರಡನೇದು ಇತ್ತಲ್ಲ, ಅದು." ಹೊತ್ತು ನೆತ್ತಿಗೆ ಬರುವುದರೊಳಗೆ ಮನೆ ಸೇರಬೇಕೆಂದು ಅಪ್ಪಣೆ ಕೊಡಿಸಿದ್ದವನೇ ಆಕಾಶ ನೋಡುವುದನ್ನು ಮರೆತುಬಿಟ್ಟಿದ್ದ.

ಅವರು ಹೊರಟಾಗ ಕೊಟ್ಟಿಗೆಯ ಮಾಡಿನಿಂದ ಟಪಟಪ ನೀರು ತೊಟ್ಟಿಕ್ಕುತ್ತಿತ್ತು.

ಜೌಗಿನ ನಡುಮಧ್ಯ ಮೊದಲು ಸಿಕ್ಕಿಬಿದ್ದದ್ದು ರುಸ್ಕೊ. ಅದರ ಹಿಂಗಾಲು ಹೊಟ್ಟೆಯವರೆಗೆ ಇಳಿಯಿತು. ಬಂಡಿ ಒಂದು ಕಡೆಗೆ ವಾಲಿತು. ತಿದಿಯೊಳಗೆ ಉಳಿದಿದ್ದ ಗಾಳಿಗೆ ಆ ಕರಿಮನೆ ತಾನಾಗಿ ಅಂಬಾ ಎಂದು ಕೂಗಿಕೊಂಡಿತು. ರುಸ್ಕೊ ಬೆದರಿ ಒಂದೇ ಜಿಗಿತಕ್ಕೆ ಹೊರಬಂದು, ಇನ್ನೆರಡು ಮಾರು ಓಡಿ, ಮತ್ತೆ ಹೂತುಕೊಂಡು, ಇನ್ನು ನನ್ನಿಂದಾಗದು ಎಂಬಂತೆ ಮಲಗಿಬಿಟ್ಟಿತು. ಹಗ್ಗ ಹಿಡಿಯಲು ಓಡಿದ ಎವೆರ್ಟಿ ತೊಡೆಯವರೆಗೆ ಇಳಿದ. ಅವನನ್ನು ಎತ್ತಲು ಹೋದ ಹಿಲ್ಯಾ ಸೊಂಟದವರೆಗೆ. ಹಿಲ್ಯಾಳಿಗೆ ಕೈಕೊಟ್ಟ ಸೈಮಿ ಅವಳ ಪಕ್ಕದಲ್ಲೇ. ಉರ್ಹೊ ಬುದ್ಧಿವಂತಿಕೆಯಿಂದ ಹೊಟ್ಟೆಯ ಮೇಲೆ ಮಲಗಿ ತೆವಳಿದ. ಹೊಟ್ಟೆಯೇ ಮೊದಲು ಒಳಗೆ ಹೋಯಿತು.

ಬಯಲಿನುದ್ದಕ್ಕೂ ಹಿಮ ಹುಂಫ್ ಎಂದು ಕುಸಿಯುವ ಸದ್ದು ಹಾದುಹೋಯಿತು, ನೆಲವೇ ಮಗ್ಗುಲಾದಂತೆ. ಸೈಮಿ ಹಿಲ್ಯಾಳ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಏನದು?"

"ಏನಿಲ್ಲ, ನಮ್ಮ ಹಂಕಿ ಅಕ್ಕ ಉಸಿರು ಬಿಟ್ಲು," ಎಂದಳು ಹಿಲ್ಯಾ. ಆಮೇಲೆ ಎವೆರ್ಟಿಯ ಕಡೆ ತಿರುಗಿದಳು. "ಏನಪ್ಪಾ ಹವಾಮಾನ ಪಂಡಿತ? ಯಾರೋ ಹೇಳ್ತಿದ್ರು, ಮಧ್ಯಾಹ್ನ ಮೋಸಗಾರ ಅಂತ. ಯಾರದು?"

ಹೂತುಕೊಂಡಲ್ಲೇ ಎವೆರ್ಟಿ ಮೂಗಿನ ಹನಿ ಒರೆಸಿಕೊಂಡ. "ಪೋಲ್ಕಾ ಚೆನ್ನಾಗಿತ್ತು" ಎಂದ.

ಮೊದಲು ನಕ್ಕವಳು ಸೈಮಿ. ಫೆಬ್ರವರಿಯಲ್ಲಿ ಹೀಗೇ ಹೂತಾಗ ನಾಚಿಕೆಯಿಂದ ಅತ್ತಿದ್ದಳು. ಇಂದು ಹೊಟ್ಟೆ ಹಿಡಿದುಕೊಳ್ಳಲು ಕೈಗೂ ಬಿಡುವಿರಲಿಲ್ಲ. ನಾಲ್ಕು ಜನ, ನಾಲ್ಕು ಗುಂಡಿ, ಸುತ್ತ ಮುಗಿಯದ ಬೆಳಕು. ನಗು ಒಬ್ಬರಿಂದೊಬ್ಬರಿಗೆ ಹಬ್ಬಿ, ಉರ್ಹೊವಿಗೆ ಬಿಕ್ಕಳಿಕೆಯೇ ಹತ್ತಿತು.

ಅಲ್ಲೇ ಹತ್ತಿರ ಪೈನ್ ಮರಗಳ ಒಂದು ದಿಬ್ಬವಿತ್ತು. ತೆವಳಿ, ಉರುಳಿ, ಒದೆಗಾಡಿಗಳನ್ನು ಹಲಗೆಯಂತೆ ಹಾಸಿಕೊಂಡು ಅಲ್ಲಿಗೆ ಸೇರಿದರು. ಬಂಡಿಯನ್ನೂ ಮೊಳಮೊಳ ಎಳೆದು ತಂದರು. ರುಸ್ಕೊ ತಾನಾಗಿ ಎದ್ದುಬಂದು ಮರದ ಕೊಂಬೆಯ ಹಾವಸೆ ಕೀಳುತ್ತ ನಿಂತಿತು.

"ಇನ್ನು ಸಂಜೆ ಚಳಿ ಬಿಗಿಯೋವರೆಗೂ ಇಲ್ಲೇ," ಎಂದ ಎವೆರ್ಟಿ. "ಹಿಂದಕ್ಕೂ ಹೋಗೋಹಂಗಿಲ್ಲ, ಮುಂದಕ್ಕೂ ಹೋಗೋಹಂಗಿಲ್ಲ."

"ಅಪಾಯ ಏನಾದ್ರೂ...?"

"ಅಪಾಯ ಏನಂದ್ರೆ, ಕಾಫಿ ಒಂದೇ ಸುತ್ತಿಗಾಗುವಷ್ಟಿದೆ," ಎಂದಳು ಹಿಲ್ಯಾ.

ಒಣಮರ ಮುರಿದು ಬೆಂಕಿ ಹಾಕಿದರು. ಸಾರಂಗದ ಚರ್ಮಗಳನ್ನು ಹಾಸಿದರು. ಹಿಲ್ಯಾ ಒದ್ದೆ ಕಾಲುಚೀಲಗಳನ್ನು ಕಡ್ಡಿಗಳಿಗೆ ಸಿಕ್ಕಿಸಿ ಬೆಂಕಿಯ ಸುತ್ತ ನಿಲ್ಲಿಸಿದಳು. ಗಾಳಿಯ ಸುಳಿವಿರಲಿಲ್ಲ. ಸೈಮಿ ಮೊದಲು ಕೋಟು ತೆಗೆದಳು, ಆಮೇಲೆ ಉಣ್ಣೆಯಂಗಿ. ಸುತ್ತಲೂ ಹಿಮ, ಅವಳು ತೆಳು ರವಿಕೆಯಲ್ಲಿ ತೋಳು ಬಿಟ್ಟುಕೊಂಡು ಮಲಗಿದ್ದಳು. ಮೇಲಿನಿಂದ ಒಂದು ಸೂರ್ಯ, ಹಿಮದಿಂದ ಪುಟಿದು ಕೆಳಗಿನಿಂದ ಇನ್ನೊಂದು ಸೂರ್ಯ. ಮೈಯೆಲ್ಲ ಕಾದ ರೊಟ್ಟಿಯಂತಾಯಿತು. ಪೈನ್ ತೊಗಟೆಯ ಅಂಟಿನ ವಾಸನೆ, ಹೊಗೆಯ ವಾಸನೆ, ಒದ್ದೆ ಉಣ್ಣೆಯ ವಾಸನೆ. ರೌಮಾದಲ್ಲಿ ಅಮ್ಮ ಈಗ ಕಿಟಕಿಯ ಬಳಿ ದೀಪ ಹಚ್ಚಿಕೊಂಡು, ಸೋನೆ ನೋಡುತ್ತ ಕೆಮ್ಮುತ್ತಿರಬಹುದು. ಇದನ್ನು ಅವಳಿಗೆ ಹೇಗೆ ಹೇಳುವುದು? ಹಿಮದಲ್ಲಿ ಸಿಕ್ಕಿಬಿದ್ದಿದ್ದೆ ಎಂದರೆ ಹೆದರಿಕೊಳ್ಳುತ್ತಾಳೆ. ಹಿಮದಲ್ಲಿ ಬಿಸಿಲು ಕಾಯಿಸಿದೆ ಎಂದರೆ ನಂಬುವುದಿಲ್ಲ.

"ಮೂಗು ಮುಚ್ಕೊಳ್ಳಿ," ಎಂದ ಎವೆರ್ಟಿ. "ನಾಳೆ ಸುಲಿಯುತ್ತೆ."

ಮುಚ್ಚಿಕೊಳ್ಳಲಿಲ್ಲ.

ಉರ್ಹೊ ಸುಮ್ಮನೆ ಕೂರುವ ಪೈಕಿಯಲ್ಲ. "ದುಡ್ಡು ಕೊಟ್ರೂ ಇಂಥ ಜಾಗ ಸಿಗಲ್ಲ. ಟೀಚರಮ್ಮಾ, ಆ ಕರೂನ ಕೂಗ್ಸಿ ನೋಡೋಣ" ಎಂದ. ಸೈಮಿ ಬರಿಗಾಲಲ್ಲೇ ಎದ್ದು ಕಾಲಿಗೆ ಚರ್ಮದ ತುಂಡು ಸುತ್ತಿಕೊಂಡು ಕೂತು ನುಡಿಸಿದಳು. ಈ ಸಲ ಹಿಲ್ಯಾಳೂ ಹಾಡಿದಳು. ಅವಳಿಗೆ ಇಂಥ ದನಿ ಇದೆಯೆಂದು ಯಾರಿಗೆ ಗೊತ್ತಿತ್ತು? ಸೌಟು ಹಿಡಿದು ಗದರುವ ಗಂಟಲಿನಿಂದ ತುಂಬಿದ, ಕಪ್ಪು ಜೇನಿನಂಥ ದನಿ ಬಂತು. ಎವೆರ್ಟಿ ಕೆಳಸ್ವರದಲ್ಲಿ ಗುನುಗಿದ.

ಹಾಡು ನಿಂತಾಗ ದೂರದಿಂದ ಇನ್ನೂ ಹಾಡು ಕೇಳುತ್ತಿತ್ತು.

ನಾಲ್ವರೂ ತಲೆಯೆತ್ತಿದರು. ಜೌಗಿನ ಆಚೆ ಅಂಚಿನಲ್ಲಿ, ಊರ ಕಡೆ, ಚುಕ್ಕೆಗಳಂತೆ ಜನ ನಿಂತಿದ್ದರು. ಮಧ್ಯಾಹ್ನವಾದರೂ ಬರಲಿಲ್ಲವೆಂದು ಹುಡುಕಿ ಬಂದವರು, ಮೆತ್ತಗಾದ ಹಂಕಿಯ ಮೇಲೆ ಕಾಲಿಡಲಾರದೆ ಅಲ್ಲೇ ನಿಂತಿದ್ದರು. ಸ್ಕೀ ಹಾಕಿ ಹೊರಟವರಿಗೂ ಒದ್ದೆ ಹಿಮ ಮುದ್ದೆಮುದ್ದೆಯಾಗಿ ಅಡಿಗೆ ಅಂಟಿ ಹೆಜ್ಜೆ ಕೀಳಲಾಗುತ್ತಿರಲಿಲ್ಲ. ಆದರೆ ಸದ್ದಿಗೆ ಅಡ್ಡಿಯೇನೂ ಇರಲಿಲ್ಲ. ಆ ನಿಶ್ಶಬ್ದ ಬಯಲಿನಲ್ಲಿ ಹಾರ್ಮೋನಿಯಂ ಆ ಅಂಚಿಗೂ ಮುಟ್ಟಿತ್ತು.

ಉರ್ಹೊ ದಿಬ್ಬದ ನೆತ್ತಿಗೆ ಹತ್ತಿ ಬಾಯಿಗೆ ಕೈ ಹಿಡಿದ. "ಸಿಕ್ತೂ! ಹಾರ್ಮೋನಿಯಂ ಸಿಕ್ತೂ! ಎವೆರ್ಟಿ ಹೇಳಿದ್ದು ನಿಜಾ!"

ಆಚೆಯಿಂದ ಕೇಕೆಯೆದ್ದಿತು. ಎವೆರ್ಟಿ ಕುಳಿತಲ್ಲಿಂದ ಕದಲಲಿಲ್ಲ. ಟೋಪಿಯನ್ನು ಮಾತ್ರ ತೆಗೆದು ತೊಡೆಯ ಮೇಲಿಟ್ಟುಕೊಂಡ. ಬೋಳುತಲೆಗೆ ಬಿಸಿಲು ಬಿತ್ತು. "ಇನ್ನೊಂದ್ಸಲ ಕೂಗು, ಕೇಳಿಸ್ತೋ ಇಲ್ವೋ," ಎಂದ ಉರ್ಹೊವಿಗೆ.

ಉರ್ಹೊ ಇನ್ನೊಂದು ಸಲ ಕೂಗಿದ. ಆಮೇಲೆ, ಯಾರೂ ಕೇಳದಿದ್ದರೂ, ಮತ್ತೊಂದು ಸಲ.

ಆ ಮಧ್ಯಾಹ್ನವೆಲ್ಲ ಹೀಗೇ ನಡೆಯಿತು. ಇವರು ಒಂದು ಸಾಲು ಹಾಡಿದರೆ ಅವರು ಮುಂದಿನ ಸಾಲು. ಸದ್ದು ಅಷ್ಟು ದೂರ ಹೋಗಿ ಬರುವುದರೊಳಗೆ ತಾಳ ತಪ್ಪುತ್ತಿತ್ತು. ಮಕ್ಕಳ ದನಿಗಳು ಎಂದಿನಂತೆ ಶ್ರುತಿ ಬಿಟ್ಟು ಓಡುತ್ತಿದ್ದವು. ಸೈಮಿಗೆ ಅದಕ್ಕಿಂತ ಇಂಪಾದದ್ದು ಬೇರೊಂದು ಇರಲಾರದು ಅನ್ನಿಸಿತು.

ಸೂರ್ಯ ಗುಡ್ಡದ ಕಡೆಗೆ ಇಳಿಯುತ್ತಿದ್ದಂತೆ ನೆರಳುಗಳು ನೀಲಿಯಾಗಿ ಉದ್ದವಾದವು. ಗಾಳಿ ಚುರುಕಾಯಿತು. ತೊಟ್ಟಿಕ್ಕುತ್ತಿದ್ದ ಕೊಂಬೆಗಳು ನಿಂತವು. ಎವೆರ್ಟಿ ಆಗಾಗ ಹಿಮದ ಮೇಲೆ ಮುಷ್ಟಿಯಿಂದ ಬಾಗಿಲು ತಟ್ಟುವಂತೆ ತಟ್ಟಿ ನೋಡುತ್ತಿದ್ದ. ಮೊದಲು ಚಪ್ ಎನ್ನುತ್ತಿತ್ತು. ಆಮೇಲೆ ಠಪ್. ಕೊನೆಗೊಮ್ಮೆ ಟಣ್ ಎಂದಿತು.

"ಏಳಿ" ಎಂದ.

ಆದರೆ ಅವರು ಬಂಡಿ ಕಟ್ಟುವಷ್ಟರಲ್ಲಿ ಆಚೆ ಅಂಚಿನ ಜನ ಕಾಯದೆ ಹೊರಟುಬಿಟ್ಟಿದ್ದರು. ಒದೆಗಾಡಿಗಳ ಮೇಲೆ, ಓಡುತ್ತ, ಜಾರುತ್ತ, ಕೆಂಪು ಬಯಲಿನಲ್ಲಿ ಊರಿಗೆ ಊರೇ ಬರುತ್ತಿತ್ತು. ಮುದುಕಿಯರು ಕುರ್ಚಿಯಲ್ಲಿ ಕೂತಿದ್ದರು, ಮೊಮ್ಮಕ್ಕಳು ಹಿಂದಿನಿಂದ ಒದೆಯುತ್ತಿದ್ದರು. ಬಂದವರು ಮೊದಲು ಹಾರ್ಮೋನಿಯಂ ಮುಟ್ಟಿ ನೋಡಿದರು, ಆಮೇಲೆ ಎವೆರ್ಟಿಯ ಕೈ ಹಿಡಿದು ಕುಲುಕಿದರು. ಮುದುಕ ಪ್ರತಿಯೊಬ್ಬರ ಕೈಯನ್ನೂ ಬಹಳ ಹೊತ್ತು ಹಿಡಿದುಕೊಂಡಿದ್ದ.

"ಭಾನುವಾರ ಕುಣಿಯೋದು ಪಾಪ ಅಲ್ವಾ?" ಎಂದು ಒಬ್ಬಾಕೆ ಅನುಮಾನಪಟ್ಟಳು.

"ಪಾದ್ರಿ ಬರೋದು ಮುಂದಿನ ತಿಂಗಳು," ಎಂದಳು ಹಿಲ್ಯಾ. "ದೇವ್ರು ನೋಡಿದ್ರೆ ನೋಡ್ಲಿ ಬಿಡಿ. ಇಂಥ ಹಂಕಿ ಹಾಸಿದೋನು ಅವನೇ ತಾನೆ? ನಾವು ನಡೆದು ತೋರ್ಸಿದ್ರೆ ಸಾಕಾ?" ಹೇಳಿದವಳೇ ಉರ್ಹೊವಿನ ತೋಳು ಹಿಡಿದು ಎಳೆದಳು.

ಸೈಮಿ ಬಂಡಿಯ ಮೇಲೆಯೇ ಕೂತು ಪೋಲ್ಕಾ ಹಿಡಿದಳು. ಬೆರಳು ಮರಗಟ್ಟುತ್ತಿತ್ತು. ಮಕ್ಕಳು ಸರದಿಯಂತೆ ತಿದಿ ತುಳಿದರು. ಬೇಸಿಗೆಯಲ್ಲಿ ಸಾರಂಗವೂ ಕಾಲಿಡದ ಜೌಗಿನ ಮೇಲೆ ಜೋಡಿಗಳು ಗಿರಗಿರ ತಿರುಗಿದವು, ನೂರು ಬೂಟುಗಳಡಿ ಹಂಕಿ ತಮಟೆಯಂತೆ ಮಿಡಿಯಿತು. ಹಿಲ್ಯಾಳನ್ನು ಉರ್ಹೊವಿನ ಕೈಯಿಂದ ಬಿಡಿಸಿಕೊಂಡು ಎವೆರ್ಟಿ ಒಂದು ಸುತ್ತು ಕುಣಿದ. ನೆಟ್ಟಗೆ, ಗಂಭೀರವಾಗಿ, ಒಂದು ಹೆಜ್ಜೆಯೂ ತಪ್ಪದೆ. ಆಮೇಲೆ ಯಾರೋ ಸೈಮಿಯನ್ನೂ ಕೆಳಗೆಳೆದರು. ಹಾರ್ಮೋನಿಯಂಗೆ ಯಾರೂ ಇರಲಿಲ್ಲ. ಎಲ್ಲರೂ ಬಾಯಲ್ಲೇ ಗತ್ತು ಹಾಡಿಕೊಂಡು ಕುಣಿದರು.

ಹಾಗೇ ಮೆರವಣಿಗೆಯಲ್ಲಿ ಊರು ಸೇರಿದರು. ಹಿಲ್ಯಾಳ ಮನೆಯಲ್ಲಿ ಸೌನಾ ಎಂಬ ಹಬೆಕೋಣೆ ಕಾಯಿಸಿದ್ದರು. ಹಬೆಯಲ್ಲಿ ಕೂತಾಗ ಸೈಮಿಯ ಮುಖ ಉರಿದು ಕಣ್ಣಲ್ಲಿ ನೀರು ಬಂತು. ಕನ್ನಡಿಯಲ್ಲಿ ನೋಡಿದರೆ ಕೆಂಪು ಬೀಟ್‌ರೂಟು, ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದ ಕಡೆ ಮಾತ್ರ ಬಿಳಿ ಗೆರೆ.

"ಈಗ ನೀವು ಇಲ್ಲಿಯೋರು ಅನ್ನಿಸ್ತೀರಿ," ಎಂದು ಹಿಲ್ಯಾ ಬರ್ಚ್ ಎಲೆಯ ಕಟ್ಟಿನಿಂದ ಅವಳ ಬೆನ್ನಿಗೊಂದು ಬಾರಿಸಿದಳು.

ಸೋಮವಾರ ಸೈಮಿಯ ಮೂಗು ಸುಲಿಯಿತು. ಅಂದಿನಿಂದ ಎವೆರ್ಟಿ ಸ್ಕ್ರೂಡ್ರೈವರು, ಅಂಟು, ಚರ್ಮದ ತುಂಡು ಎಲ್ಲ ಹಿಡಿದುಕೊಂಡು ಶಾಲೆಗೆ ಬರತೊಡಗಿದ. ಅಂಬಾ ಅನ್ನುವ ಕರಿಮನೆಯನ್ನು ರಿಪೇರಿ ಮಾಡಬೇಕಂತೆ. ಸರಿಯಾಗಿ ಸಂಗೀತದ ತರಗತಿಯ ಹೊತ್ತಿಗೇ ಬರುವನು. ಹಿಂದಿನ ಬೆಂಚಿನಲ್ಲಿ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂರುವನು. ತರಗತಿ ಮುಗಿದ ಮೇಲೆ ಮುಚ್ಚಳ ತೆಗೆದು ಒಳಗೆ ನೋಡಿ, ತಲೆಯಾಡಿಸಿ, "ಸೂಕ್ಷ್ಮದ ಕೆಲ್ಸ. ಇವತ್ತಾಗಲ್ಲ" ಎಂದು ಹೊರಡುವನು.

"ಇನ್ನೂ ಎಷ್ಟು ದಿನ ಬೇಕಾಗುತ್ತೆ?" ಎಂದು ಒಮ್ಮೆ ಸೈಮಿ ನಗು ತಡೆದುಕೊಂಡು ಕೇಳಿದಳು.

ಎವೆರ್ಟಿ ಯೋಚಿಸಿದ. ಕಿಟಕಿಯಾಚೆ ಕೆರೆಯ ಮಂಜುಗಡ್ಡೆ ಅಂಚುಗಳಲ್ಲಿ ಕಪ್ಪಾಗುತ್ತಿತ್ತು.

"ನೀವು ಮುಂದಿನ ವರ್ಷ ಇರ್ತೀರಾ?"

"ಇರ್ತೀನಿ."

"ಹಂಗಾದ್ರೆ ಅವಸರ ಏನಿಲ್ಲ," ಎಂದು ಎವೆರ್ಟಿ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡ.